ಅಮ್ಮನಿಗೆ ಹೇಳಿದ ಕಥೆ, ಮಗಳು ಬರೆದ ಕಾದಂಬರಿ: ಎಂ.ಕೆ. ಇಂದಿರಾ

ಲೇಖಕಿಯರನ್ನು ಓದುಗರು ತಪ್ಪದೆ ಕೇಳುವ ಒಂದು ಪ್ರಶ್ನೆ ಇದೆ. ಈ ಕಥೆ ನಿಮಗೆ ಎಲ್ಲಿಂದ ಸಿಕ್ಕಿತು ಎಂಬುದು. ಕೆಲವರಿಗೆ ಪತ್ರಿಕೆಯ ಸುದ್ದಿಯೊಂದರಿಂದ, ಕೆಲವರಿಗೆ ಓದಿದ ಪುಸ್ತಕದಿಂದ, ಕೆಲವರಿಗೆ ತಾವೇ ಅನುಭವಿಸಿದ ಸಂಕಟದಿಂದ ಕಥೆ ಹುಟ್ಟುತ್ತದೆ. ಕನ್ನಡದ ಹೆಸರಾಂತ ಕಾದಂಬರಿಗಾರ್ತಿ ಎಂ.ಕೆ. ಇಂದಿರಾ ಅವರಿಗೆ ತಮ್ಮ ಅತ್ಯುತ್ತಮ ಕಾದಂಬರಿ ಸಿಕ್ಕಿದ್ದು ಮನೆಯೊಳಗೆ, ಹೆಂಗಸರ ಮಾತುಕತೆಯಲ್ಲಿ. ವಯಸ್ಸಾದ ಮಡಿ ಹೆಂಗಸೊಬ್ಬರು ಅವರ ತಾಯಿಯ ಬಳಿ ಮನಸ್ಸು ಬಿಚ್ಚಿ ಹೇಳಿಕೊಂಡ ಬದುಕು ಅದು. ಗಂಡಸರ ಕಿವಿಗೆ ಬೀಳದ, ಯಾವ ದಾಖಲೆಗೂ ಸೇರದ, ಹೇಳಿದವರು ಮತ್ತು ಕೇಳಿದವರು ಹೋದರೆ ಅಲ್ಲಿಗೇ ಮುಗಿದುಹೋಗುತ್ತಿದ್ದ ಕಥೆ. ಅದು ಹಾಗೆ ಮುಗಿಯದಂತೆ ನೋಡಿಕೊಂಡ ಇಂದಿರಾ ಅವರ ಬದುಕನ್ನು ನಮ್ಮ ಮಹಿಳಾ ವೇದಿಕೆಯ ಈ ಸಂಚಿಕೆಯಲ್ಲಿ ನೆನಪಿಸಿಕೊಳ್ಳುವುದು ಉಚಿತವೆಂದು ತೋರಿತು.

ಇಂದಿರಾ ಹುಟ್ಟಿದ್ದು 1917ರ ಜನವರಿ 5ರಂದು, ತುಂಗೆಯ ದಂಡೆಯ ತೀರ್ಥಹಳ್ಳಿಯಲ್ಲಿ. ತಂದೆ ಸೂರ್ಯನಾರಾಯಣರಾಯರು, ತಾಯಿ ಬನಶಂಕರಮ್ಮ. ಬೇಸಾಯದ ಮನೆತನ. ಮಲೆನಾಡಿನ ಅಂಥ ಮನೆಗಳೆಂದರೆ ಕೇಳಬೇಕೆ? ಬಿಡದೆ ಸುರಿಯುವ ಮಳೆ, ಉರಿ ಆರದ ಬಚ್ಚಲೊಲೆ, ಅಡಿಕೆ ಸುಲಿಯುವ ಕಾಲಕ್ಕೆ ಜಗಲಿ ತುಂಬ ಜನ, ಒಳಗೆ ಪತ್ರೊಡೆ, ಕಳಲೆ, ಅಪ್ಪೆಮಿಡಿಗಳ ಸಂಭ್ರಮ, ಅದರ ಜೊತೆಗೇ ಮುಗಿಯದ ದುಡಿಮೆ. ಅಂಗಳದಲ್ಲಿ ನಡೆಯುವ ವ್ಯವಹಾರ ಗಂಡಸರದು. ಹಿತ್ತಿಲು, ಅಡುಗೆಮನೆ, ಬಾಣಂತಿ ಕೋಣೆಗಳಲ್ಲಿ ನಡೆಯುವ ಇನ್ನೊಂದು ಲೋಕ ಹೆಂಗಸರದು. ಇಂದಿರಾ ಅವರ ಕಾದಂಬರಿಗಳನ್ನು ಓದಿದವರಿಗೆಲ್ಲ ಗೊತ್ತು, ಈ ಎರಡನೆಯ ಲೋಕದ ಒಂದೊಂದು ಮೂಲೆಯೂ ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ. ಹೊರಗಿನಿಂದ ಬಂದು ನೋಡಿ ಬರೆದವರಿಗೆ ಅದು ದಕ್ಕುವಂಥದಲ್ಲ.

ಅವರ ಶಾಲೆಯ ಓದು ಸುಮಾರು ಏಳು ವರ್ಷದ್ದು. ಹನ್ನೆರಡನೆಯ ವಯಸ್ಸಿಗೆ ಮದುವೆಯಾಯಿತು. ಇವತ್ತು ಕೇಳಿದರೆ ಎದೆ ಝಲ್ಲೆನ್ನುತ್ತದೆ, ಆದರೆ ಆ ಕಾಲಕ್ಕೆ ಅದು ಊರಿನ ವಾಡಿಕೆ. ಮೈಸೂರು ಸಂಸ್ಥಾನ 1894ರಷ್ಟು ಹಿಂದೆಯೇ ಬಾಲ್ಯವಿವಾಹ ತಡೆಯುವ ಕಾನೂನು ತಂದಿತ್ತು ನಿಜ, ಆದರೆ ಅದು ತಡೆದದ್ದು ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ಮಾತ್ರ. ಬ್ರಿಟಿಷ್ ಇಂಡಿಯಾದಲ್ಲಿ ಹುಡುಗಿಗೆ ಹದಿನಾಲ್ಕು ತುಂಬಿರಬೇಕೆಂದ ಶಾರದಾ ಕಾಯಿದೆ ಅಂಗೀಕಾರವಾದದ್ದು 1929ರಲ್ಲಿ, ಹೆಚ್ಚುಕಡಿಮೆ ಇಂದಿರಾ ಮದುವೆಯಾದ ಹೊತ್ತಿಗೆ. ಹೀಗೆ ಹಳೆಯ ಕಾಲ ಇನ್ನೂ ಮುಗಿಯದ, ಹೊಸ ಕಾಲ ಹೊಸ್ತಿಲು ದಾಟದ ಹೊತ್ತಿನಲ್ಲಿ ಅವರು ಗೃಹಿಣಿಯಾದರು.

ಅವರ ಹೆಸರಿನ ಹಿಂದಿರುವ ಎಂ.ಕೆ. ಎಂದರೆ ಮಂಡಗದ್ದೆ ಕೃಷ್ಣರಾವ್. ಮಂಡಗದ್ದೆ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಸಿಗುವ ಊರು. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿಗಳಿಗೆ ಹೆಸರಾದದ್ದು. ಗಂಡನ ಊರು, ಗಂಡನ ಹೆಸರು ಎರಡನ್ನೂ ಮುಂದಿಟ್ಟುಕೊಂಡು ಕೊನೆಯಲ್ಲಿ ತಮ್ಮ ಹೆಸರು. ಆ ಕಾಲದ ಮನೆಗಳಲ್ಲಿ ಹೆಂಗಸಿನ ಜಾಗ ಎಲ್ಲಿತ್ತೆಂಬುದನ್ನು ಆ ಹೆಸರೇ ಹೇಳುತ್ತದೆ. ವಿಶೇಷವೆಂದರೆ, ಕೊನೆಯಲ್ಲಿದ್ದ ಆ ಒಂದು ಹೆಸರಿನಿಂದಾಗಿ ಮುಂದಿನ ಎರಡು ಅಕ್ಷರಗಳು ಕನ್ನಡ ನಾಡಿನ ಮನೆಮನೆಗೂ ತಲುಪಿದವು.

ಮದುವೆಯ ನಂತರದ ಮೂರು ದಶಕಗಳಿಗೂ ಹೆಚ್ಚು ಕಾಲ ಅವರದು ಸಂಸಾರದ ಬದುಕು. ಓದು ಮಾತ್ರ ನಿಲ್ಲಲಿಲ್ಲ. ಕನ್ನಡ ಕಾವ್ಯಗಳನ್ನು ಓದಿಕೊಂಡರು, ಹಿಂದಿ ಸಾಹಿತ್ಯದ ಒಳ್ಳೆಯ ಪರಿಚಯ ಮಾಡಿಕೊಂಡರು. ತವರಿನ ಕಡೆಯಿಂದಲೂ ಅಕ್ಷರದ ನಂಟು ಇತ್ತು. ಪ್ರಜಾವಾಣಿಯ ಸಂಪಾದಕರಾಗಿ, ‘ಛೂಬಾಣ’ ಅಂಕಣದಿಂದ ಮನೆಮಾತಾಗಿದ್ದ ಟಿ.ಎಸ್. ರಾಮಚಂದ್ರರಾಯರು, ಅಂದರೆ ಟಿಯೆಸ್ಸಾರ್, ಇಂದಿರಾ ಅವರ ಒಡಹುಟ್ಟಿದವರು. ಒಂದೇ ಮನೆಯಲ್ಲಿ ಹುಟ್ಟಿದವರಲ್ಲಿ ಒಬ್ಬರು ಓದಿ ಪತ್ರಿಕೆ ನಡೆಸಿದರು. ಇನ್ನೊಬ್ಬರು ಹನ್ನೆರಡಕ್ಕೆ ಮದುವೆಯಾಗಿ, ಬರೆಯಲು ನಡುವಯಸ್ಸಿನವರೆಗೂ ಕಾದರು. ಇದರಲ್ಲಿ ಯಾರನ್ನೂ ದೂರಬೇಕಾಗಿಲ್ಲ. ಆದರೆ ಗಮನಿಸದೆ ಇರುವುದೂ ಸಾಧ್ಯವಿಲ್ಲ.

ಆ ಕಾಲದಲ್ಲಿ ಕನ್ನಡದ ಓದುಗರ ಕಣ್ಮಣಿಯಾಗಿದ್ದವರು ತ್ರಿವೇಣಿ. ಮನೋವಿಜ್ಞಾನ ಓದಿದ್ದ ಅವರು ಹೆಣ್ಣಿನ ಒಳಮನಸ್ಸನ್ನು ಕಾದಂಬರಿಗಳಲ್ಲಿ ತೆರೆದಿಡುತ್ತಿದ್ದರು. ಅವರ ಸ್ನೇಹ ಇಂದಿರಾ ಅವರಿಗೆ ದೊರೆಯಿತು, ಬರವಣಿಗೆಗೆ ಒತ್ತಾಸೆಯಾಯಿತು. ವಯಸ್ಸಿನಲ್ಲಿ ತ್ರಿವೇಣಿ ಹನ್ನೊಂದು ವರ್ಷ ಚಿಕ್ಕವರು. ಬರವಣಿಗೆಯಲ್ಲಿ ಮಾತ್ರ ಹಿರಿಯರು. ಒಬ್ಬ ಲೇಖಕಿ ಇನ್ನೊಬ್ಬಾಕೆಗೆ ನೀವೂ ಬರೆಯಬಲ್ಲಿರಿ ಎಂಬ ಧೈರ್ಯ ಕೊಡುವುದು ಸಣ್ಣ ಮಾತಲ್ಲ. ಕಾಲೇಜು ಮೆಟ್ಟಿಲು ಹತ್ತದ, ನಲವತ್ತು ದಾಟಿದ ಗೃಹಿಣಿಗೆ ಆ ಧೈರ್ಯ ಹೊರಗಿನಿಂದ ಬಂದರೇ ಬರಬೇಕು.

ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ 1963ರಲ್ಲಿ ಬಂತು. ಆಗ ಅವರಿಗೆ ನಲವತ್ತಾರು ವರ್ಷ. ಅದೇ ವರ್ಷ ಜುಲೈನಲ್ಲಿ ತ್ರಿವೇಣಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಒಂದು ದೀಪ ಆರುವ ಹೊತ್ತಿಗೆ ಇನ್ನೊಂದು ಹೊತ್ತಿಕೊಂಡಿತ್ತು ಎಂದರೆ ಅತಿಶಯವಾಗಲಾರದು.

‘ತುಂಗಭದ್ರಾ’ಕ್ಕೆ ರಾಜ್ಯ ಮಟ್ಟದ ಅಕಾಡೆಮಿ ಪ್ರಶಸ್ತಿ ಬಂತು. ಮೊದಲ ಪುಸ್ತಕಕ್ಕೇ! ಆಮೇಲೆ ‘ಸದಾನಂದ’ (1965), ‘ಗೆಜ್ಜೆಪೂಜೆ’ (1966), ‘ನವರತ್ನ’ (1967) ಸಾಲುಸಾಲಾಗಿ ಬಂದವು. ‘ಸದಾನಂದ’ ಮತ್ತು ‘ನವರತ್ನ’ಕ್ಕೂ ಪ್ರಶಸ್ತಿಗಳು ದೊರೆತವು. ತಡವಾಗಿ ಶುರು ಮಾಡಿದವರು ಮುಂದೆ ಬರೆದದ್ದು ಐವತ್ತಕ್ಕೂ ಹೆಚ್ಚು ಪುಸ್ತಕ. ಆಗ ಊರೂರಿನಲ್ಲಿ ಬಾಡಿಗೆ ಪುಸ್ತಕದ ಲೈಬ್ರರಿಗಳಿದ್ದವು. ‘ಸುಧಾ’ದಂಥ ವಾರಪತ್ರಿಕೆಗಳು ಹೊಸದಾಗಿ ಬರತೊಡಗಿದ್ದವು. ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಕಾದಂಬರಿ ಹಿಡಿಯುವ ಹೆಂಗಸರ ಒಂದು ದೊಡ್ಡ ಓದುಗ ವರ್ಗವೇ ಬೆಳೆದಿತ್ತು. ಅವರಿಗೆ ಇಂದಿರಾ ತಮ್ಮವರಾಗಿ ಕಂಡರು. ಪಾಂಡಿತ್ಯದ ಭಾರವಿಲ್ಲದ, ಎದುರಿಗೆ ಕೂತು ಹೇಳಿದಂತಿರುವ ಭಾಷೆ, ನಡುವೆ ಮಲೆನಾಡಿನ ನುಡಿಗಟ್ಟು, ಅಗತ್ಯವಿದ್ದಲ್ಲಿ ತುಂಟ ನಗು.

ಇಂಥ ಕಾದಂಬರಿಗಳನ್ನು ಕೆಲವು ವಿಮರ್ಶಕರು ಅಡುಗೆಮನೆ ಸಾಹಿತ್ಯ ಎಂದು ಹಗುರವಾಗಿ ಕಂಡದ್ದುಂಟು. ಮನೆಯೊಳಗಿನ ವಿಷಯವೆಂದರೆ ಸಣ್ಣ ವಿಷಯ ಎಂಬ ಲೆಕ್ಕ ಅದು. ಆದರೆ ಯಾರನ್ನು ಯಾವ ವಯಸ್ಸಿಗೆ ಮದುವೆ ಮಾಡಬೇಕು, ಗಂಡ ಸತ್ತವಳು ಏನು ಉಡಬೇಕು, ಎಷ್ಟು ಹೊತ್ತು ಉಣ್ಣಬೇಕು, ಯಾರ ಮಗಳು ಮದುವೆಯಾಗಬಹುದು, ಯಾರ ಮಗಳು ಆಗಬಾರದು ಎಂಬುದೆಲ್ಲ ತೀರ್ಮಾನವಾಗುತ್ತಿದ್ದದ್ದು ಮನೆಯೊಳಗೇ. ಹೆಣ್ಣಿನ ಪಾಲಿಗೆ ಸರ್ಕಾರ, ನ್ಯಾಯಾಲಯ, ಜೈಲು ಎಲ್ಲವೂ ಅಲ್ಲೇ ಇತ್ತು. ಅದನ್ನು ಬರೆಯುವುದು ಸಣ್ಣ ಕೆಲಸವಾಗುವುದು ಹೇಗೆ?

‘ಗೆಜ್ಜೆಪೂಜೆ’ಯನ್ನೇ ತೆಗೆದುಕೊಳ್ಳಿ. ಎಲ್ಲ ಹುಡುಗಿಯರಂತೆ ಮದುವೆಯಾಗಿ ಮರ್ಯಾದೆಯಿಂದ ಬಾಳಬೇಕೆಂಬ ಆಸೆಯ ಚಂದ್ರಾ, ಹುಟ್ಟಿದ ಮನೆತನದ ಕಾರಣಕ್ಕೆ ಗೆಜ್ಜೆ ಕಟ್ಟಿಸಿಕೊಂಡು ಕುಲವೃತ್ತಿಗೆ ಇಳಿಯಬೇಕೆಂಬ ಒತ್ತಾಯಕ್ಕೆ ಸಿಕ್ಕುವ ಕಥೆ ಅದು. ಮೇಲ್ಜಾತಿಯ ಸಂಪ್ರದಾಯಸ್ಥ ಮನೆಯಿಂದ ಬಂದ ಗೃಹಿಣಿಯೊಬ್ಬರು, ಊರು ಮುಖ ತಿರುಗಿಸಿಕೊಳ್ಳುತ್ತಿದ್ದ ಮನೆಯ ಹುಡುಗಿಯ ಪರವಾಗಿ ನಿಂತು ಬರೆದರು. ಪುಟ್ಟಣ್ಣ ಕಣಗಾಲರು ಅದನ್ನು ಚಿತ್ರ ಮಾಡಿದಾಗ ಚಂದ್ರಾ ಆಗಿ ಕಲ್ಪನಾ ಅಭಿನಯಿಸಿದರು. ರಾಷ್ಟ್ರ ಪ್ರಶಸ್ತಿಯೂ ಬಂತು. ಹೊರನಾಡಿನಲ್ಲಿರುವ ನಮಗೆ ಇನ್ನೊಂದು ಸಂಗತಿ ಸಂತೋಷ ಕೊಡಬೇಕು. ಹೈದರಾಬಾದಿನ ಗೆಳತಿಯರು 1971ರ ತೆಲುಗು ‘ಕಲ್ಯಾಣ ಮಂಟಪಂ’ ನೋಡಿರಬಹುದು, ಮುಂಬಯಿಯವರು 1981ರ ಹಿಂದಿ ‘ಆಹಿಸ್ತಾ ಆಹಿಸ್ತಾ’ ನೋಡಿರಬಹುದು. ಎರಡರ ಬೇರೂ ತೀರ್ಥಹಳ್ಳಿಯ ಈ ಹೆಣ್ಣುಮಗಳ ಕಾದಂಬರಿಯಲ್ಲೇ ಇದೆ. ನೆರೆಮನೆಯವರೊಡನೆ ಹಳೆಯ ಸಿನಿಮಾ ಮಾತು ಬಂದಾಗ ಇದನ್ನು ಹೆಮ್ಮೆಯಿಂದ ಹೇಳಬಹುದು.

ಇಷ್ಟೆಲ್ಲ ಆದ ಮೇಲೆ, 1976ರಲ್ಲಿ ‘ಫಣಿಯಮ್ಮ’ ಬಂತು. ಇಂದಿರಾ ಅವರಿಗೆ ಆಗ ಐವತ್ತೊಂಬತ್ತು. ಪುಟಗಳ ಲೆಕ್ಕದಲ್ಲಿ ಚಿಕ್ಕ ಪುಸ್ತಕ, ತೂಕದಲ್ಲಿ ಉಳಿದೆಲ್ಲಕ್ಕಿಂತ ದೊಡ್ಡದು.

ಫಣಿಯಮ್ಮ ಕಲ್ಪನೆಯ ಹೆಣ್ಣಲ್ಲ. ಇಂದಿರಾ ಚಿಕ್ಕ ಹುಡುಗಿಯಾಗಿದ್ದಾಗ ಕಣ್ಣಾರೆ ಕಂಡಿದ್ದ ಅಜ್ಜಿ. ಕೆಂಪು ಸೀರೆಯ, ತಲೆ ಬೋಳಿಸಿದ, ಸದಾ ಯಾವುದಾದರೂ ಮನೆಯ ಕೆಲಸದಲ್ಲಿ ಕೈಯಾಡಿಸುತ್ತಿದ್ದ ಇಂಥ ಅಜ್ಜಿಯರು ಆಗ ಎಲ್ಲ ದೊಡ್ಡ ಮನೆಗಳಲ್ಲೂ ಇದ್ದರು. ಅವರನ್ನು ಕೆಲಸಕ್ಕೆ ಎಲ್ಲರೂ ಕರೆಯುತ್ತಿದ್ದರು, ಅವರ ಕಥೆಯನ್ನು ಯಾರೂ ಕೇಳುತ್ತಿರಲಿಲ್ಲ. ಈ ಅಜ್ಜಿ ಮಾತ್ರ ತಮ್ಮ ಬದುಕನ್ನು ಬನಶಂಕರಮ್ಮನವರಿಗೆ ಹೇಳಿಕೊಂಡರು. ಅದನ್ನು ಮಗಳು ಇಂದಿರಾ ಕೇಳಿಸಿಕೊಂಡರು. ಹೇಳಿದ್ದು ಒಬ್ಬಾಕೆ, ಕಿವಿಗೊಟ್ಟದ್ದು ಇನ್ನೊಬ್ಬಾಕೆ, ದಶಕಗಳ ನಂತರ ಬರೆದದ್ದು ಮತ್ತೊಬ್ಬಾಕೆ. ಈ ಮೂರರಲ್ಲಿ ಒಂದು ಕೊಂಡಿ ಕಳಚಿದ್ದರೂ ಇವತ್ತು ಫಣಿಯಮ್ಮ ಎಂಬ ಹೆಸರು ನಮಗೆ ತಿಳಿಯುತ್ತಿರಲಿಲ್ಲ.

ಆ ಕಥೆ ಹೀಗಿದೆ. ಹತ್ತೊಂಬತ್ತನೆಯ ಶತಮಾನದ ನಡುಭಾಗ. ಮಲೆನಾಡಿನ ಹೆಬ್ಬಲಿಗೆ ಎಂಬ ಊರಿನ ತುಂಬಿದ ಮನೆಯಲ್ಲಿ ಹುಟ್ಟಿದ ಹುಡುಗಿಗೆ ಒಂಬತ್ತನೆಯ ವಯಸ್ಸಿಗೆ ಮದುವೆಯಾಗುತ್ತದೆ. ಸಡಗರದ ಮದುವೆ. ಸ್ವಲ್ಪ ಕಾಲದಲ್ಲೇ ಹುಡುಗ ಹಾವು ಕಚ್ಚಿ ಸಾಯುತ್ತಾನೆ. ಫಣಿ ಎಂದರೂ ಹಾವೇ. ಗಂಡ ಎಂದರೆ ಏನೆಂದು ತಿಳಿಯುವ ಮೊದಲೇ ಆಕೆ ವಿಧವೆ. ಬಳೆ, ಕುಂಕುಮ, ಹೂವು ಹೋದವು. ಮೈನೆರೆದ ಮೇಲೆ ತಲೆಗೂದಲೂ ಹೋಯಿತು. ಅಲ್ಲಿಂದ ಮುಂದೆ ಮಡಿ, ಒಪ್ಪೊತ್ತಿನ ಊಟ, ಹಿತ್ತಿಲ ಕತ್ತಲು. ನೂರಹನ್ನೆರಡು ವರ್ಷ ಬಾಳಿ 1952ರಲ್ಲಿ ಆಕೆ ಕಣ್ಣು ಮುಚ್ಚುತ್ತಾರೆ. ಅಂದರೆ 1857ರ ದಂಗೆಗೂ ಮುಂಚೆ ಹುಟ್ಟಿ, ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯ ಕಾಲದವರೆಗೆ ಇದ್ದ ಜೀವ. ದೇಶದ ಚರಿತ್ರೆ ಅಷ್ಟು ಮುಂದೆ ಹೋದರೂ, ಒಂಬತ್ತನೆಯ ವಯಸ್ಸಿನಲ್ಲಿ ನಡೆದುಹೋದ ಒಂದು ಸಂಗತಿ ಆಕೆಯ ನೂರು ವರ್ಷವನ್ನು ಕಟ್ಟಿಹಾಕಿತ್ತು.

ಇಷ್ಟೇ ಆಗಿದ್ದರೆ ಅದು ಕಣ್ಣೀರಿನ ಕಥೆಯಾಗುತ್ತಿತ್ತು. ಇಂದಿರಾ ಅವರ ಹೆಚ್ಚುಗಾರಿಕೆ ಇರುವುದು ಅಲ್ಲಿ ನಿಲ್ಲದೆ ಇದ್ದುದರಲ್ಲಿ. ಅವರು ಬರೆದ ಫಣಿಯಮ್ಮ ಅಳುತ್ತ ಕೂರುವುದಿಲ್ಲ. ಎಲ್ಲರ ಮನೆಯ ಕೆಲಸಕ್ಕೂ ಒದಗುತ್ತಾರೆ, ಹೆರಿಗೆ ಮಾಡಿಸುತ್ತಾರೆ, ಬಾಣಂತನಕ್ಕೆ ನಿಲ್ಲುತ್ತಾರೆ. ತಮಗೆ ಮಗುವಿನ ಭಾಗ್ಯವೇ ಇಲ್ಲದವರು ಊರಿನ ಮಕ್ಕಳನ್ನೆಲ್ಲ ಕೈಯಲ್ಲಿ ಎತ್ತಿಕೊಂಡು ಲೋಕಕ್ಕೆ ತರುತ್ತಾರೆ. ಜೊತೆಗೆ, ಮಾತಾಡದೆ ನೋಡುತ್ತಾರೆ. ಮಡಿಯ ಹೆಸರಿನಲ್ಲಿ ನಡೆಯುವ ಕ್ರೌರ್ಯ, ಗಂಡಸರಿಗೊಂದು ನ್ಯಾಯ, ಹೆಂಗಸರಿಗೊಂದು ನ್ಯಾಯ, ಶಾಸ್ತ್ರ ಹೇಳುವವರ ಒಳಗುಟ್ಟು, ಯಾವುದೂ ಅವರ ಕಣ್ಣು ತಪ್ಪುವುದಿಲ್ಲ.

ಕಾದಂಬರಿಯಲ್ಲಿ ಎರಡು ಸಂದರ್ಭಗಳು ಮರೆಯಲಾಗದವು. ಅಸ್ಪೃಶ್ಯರೆಂದು ಊರು ದೂರವಿಟ್ಟಿದ್ದವರ ಕೇರಿಯಲ್ಲಿ ಹೆಣ್ಣುಮಗಳೊಬ್ಬಳು ಹೆರಲಾರದೆ ಸಾವಿನಂಚಿನಲ್ಲಿರುತ್ತಾಳೆ. ಜೀವಮಾನವಿಡೀ ಮಡಿಯಲ್ಲಿ ಬದುಕಿದ ಫಣಿಯಮ್ಮ ಅವಳ ಬಳಿಗೆ ಹೋಗಿ, ಮುಟ್ಟಿ, ಹೆರಿಗೆ ಮಾಡಿಸಿ ಎರಡು ಜೀವ ಉಳಿಸುತ್ತಾರೆ. ಆ ಕಾಲಕ್ಕೆ ಅದೆಂಥ ಎದೆಗಾರಿಕೆ ಎಂಬುದನ್ನು ಊಹಿಸಿಕೊಳ್ಳಬೇಕು. ಇನ್ನೊಂದು ಸಂದರ್ಭ ದಾಕ್ಷಾಯಿಣಿಯದು. ಆಕೆಯೂ ಎಳೆಯ ವಿಧವೆ, ಆದರೆ ಹೊಸ ಕಾಲದವಳು. ತಲೆ ಬೋಳಿಸಿಕೊಳ್ಳುವುದಿಲ್ಲವೆಂದು ಹಟ ಹಿಡಿಯುತ್ತಾಳೆ. ತಾವು ಅನುಭವಿಸಿದ್ದನ್ನು ಇವಳೂ ಅನುಭವಿಸಲಿ ಎಂದು ಹಿರಿಯ ವಿಧವೆ ಹೇಳಿದ್ದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಲೋಕದಲ್ಲಿ ನಡೆಯುವುದೇ ಹಾಗೆ. ಫಣಿಯಮ್ಮ ಹುಡುಗಿಯ ಪರವಾಗಿ ನಿಲ್ಲುತ್ತಾರೆ. ಮುಂದೆ ಅವಳು ಮೈದುನನ ಸಂಗದಿಂದ ಬಸಿರಾದಾಗಲೂ ಅವಳನ್ನು ಹಳಿಯುವುದಿಲ್ಲ.

ಈ ಕಾದಂಬರಿಯನ್ನು ಓದಿದ ಕೆಲವರಿಗೆ ಒಂದು ಅಸಮಾಧಾನ ಉಂಟಾಗುತ್ತದೆ. ಫಣಿಯಮ್ಮ ಯಾಕೆ ತಮಗಾಗಿ ಏನನ್ನೂ ಕೇಳಲಿಲ್ಲ? ಇಷ್ಟೊಂದು ಸಹನೆ, ಇಷ್ಟೊಂದು ವೈರಾಗ್ಯವನ್ನು ಹೊಗಳಿದರೆ, ಸಹಿಸಿಕೊಂಡವಳೇ ದೊಡ್ಡವಳು ಎಂಬ ಹಳೆಯ ಮಾತನ್ನೇ ಮತ್ತೆ ಹೇಳಿದಂತಾಗುವುದಿಲ್ಲವೇ? ಇದು ನ್ಯಾಯವಾದ ಪ್ರಶ್ನೆ. ಇಂದಿರಾ ತಮ್ಮ ಫಣಿಯಮ್ಮನನ್ನು ಕೆಲವೆಡೆ ಋಷಿಯಂತೆ ಚಿತ್ರಿಸಿರುವುದು ನಿಜ. ಆದರೆ ಒಂದನ್ನು ನೆನಪಿಡಬೇಕು. ಅವರು ಬರೆಯುತ್ತಿದ್ದದ್ದು ನಿಜವಾಗಿ ಬಾಳಿದ ಒಂದು ಜೀವವನ್ನು. ಆ ಜೀವ ದಂಗೆ ಎದ್ದಿರಲಿಲ್ಲ. ಎದ್ದಿತ್ತೆಂದು ಬರೆದಿದ್ದರೆ ಓದುಗರಿಗೆ ಹಿತವಾಗುತ್ತಿತ್ತು, ಆ ಅಜ್ಜಿಗೆ ಮಾತ್ರ ಅನ್ಯಾಯವಾಗುತ್ತಿತ್ತು. ಬದಲಾಗಿ ಇಂದಿರಾ ತೋರಿಸಿದ್ದು ಇನ್ನೊಂದನ್ನು. ತನಗಾಗಿ ಏನನ್ನೂ ಕೇಳಲಾಗದ ಹೆಣ್ಣು ಮುಂದಿನವಳಿಗಾಗಿ ಕೇಳಿದಳು, ತನಗಾದ ಅನ್ಯಾಯ ತನ್ನಲ್ಲೇ ಕೊನೆಯಾಗಲಿ ಎಂದಳು. ದಾಕ್ಷಾಯಿಣಿಯ ತಲೆಗೂದಲು ಉಳಿದದ್ದೇ ಫಣಿಯಮ್ಮನ ಗೆಲುವು.

ಇನ್ನೊಂದು ಮಾತೂ ಇದೆ. ಇಂದಿರಾ ಅವರಿಗೂ ಹನ್ನೆರಡಕ್ಕೆ ಮದುವೆಯಾಗಿತ್ತು. ಫಣಿಯಮ್ಮನಿಗೂ ಅವರಿಗೂ ನಡುವೆ ಇದ್ದದ್ದು ಮೂರು ವರ್ಷದ ಅಂತರ ಮತ್ತು ಅದೃಷ್ಟ. ಹಾವೋ, ಪ್ಲೇಗೋ, ಜ್ವರವೋ ಯಾವ ಮನೆಗೆ ಬೇಕಾದರೂ ಬರಬಹುದಾಗಿದ್ದ ಕಾಲದಲ್ಲಿ, ಮುತ್ತೈದೆಗೂ ಮಡಿ ಹೆಂಗಸಿಗೂ ನಡುವೆ ಇದ್ದ ಗೋಡೆ ಬಹಳ ತೆಳುವಾದದ್ದು. ಆ ಕಾದಂಬರಿಯಲ್ಲಿ ಮರುಕದ ಜೊತೆಗೆ ಒಂದು ಬಗೆಯ ಆತ್ಮೀಯತೆ ಕಾಣುವುದಕ್ಕೆ ಇದೂ ಕಾರಣವಿರಬೇಕು.

‘ಫಣಿಯಮ್ಮ’ಕ್ಕೂ ಅಕಾಡೆಮಿ ಪ್ರಶಸ್ತಿ ಬಂತು. ಪ್ರೇಮಾ ಕಾರಂತರು 1983ರಲ್ಲಿ ಅದನ್ನು ಚಲನಚಿತ್ರ ಮಾಡಿದರು. ಫಣಿಯಮ್ಮನಾಗಿ ಎಲ್.ವಿ. ಶಾರದಾ ಅಭಿನಯಿಸಿದರು. ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರ ಪ್ರಶಸ್ತಿ ಆ ಚಿತ್ರಕ್ಕೆ ದೊರೆಯಿತು. 1989ರಲ್ಲಿ ತೇಜಸ್ವಿನಿ ನಿರಂಜನ ಅವರು ಮಾಡಿದ ಇಂಗ್ಲಿಷ್ ಅನುವಾದ ಬಂತು. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಅನುವಾದ ಬಹುಮಾನ ಸಂದಿತು. ತೇಜಸ್ವಿನಿಯವರು ಕಾದಂಬರಿಕಾರ ನಿರಂಜನ ಮತ್ತು ವೈದ್ಯೆ, ಲೇಖಕಿ ಅನುಪಮಾ ನಿರಂಜನ ಅವರ ಮಗಳು. ಹೇಳಿದ ಅಜ್ಜಿ, ಕೇಳಿದ ತಾಯಿ, ಬರೆದ ಮಗಳು, ತೆರೆಗೆ ತಂದ ನಿರ್ದೇಶಕಿ, ಬೇರೆ ಭಾಷೆಗೆ ಒಯ್ದ ಅನುವಾದಕಿ. ಹೆಣ್ಣುಮಕ್ಕಳ ಕೈಯಿಂದ ಕೈಗೆ ದೀಪ ಹಚ್ಚಿಕೊಂಡು ಬಂದಂತೆ ಆ ಕಥೆ ನಡೆದು ಬಂದಿದೆ. ಅಕ್ಷರ ಬಲ್ಲವರು ಯಾರೂ ಗಮನಿಸದೆ ಹೋಗಿದ್ದ ಮಲೆನಾಡಿನ ಅಜ್ಜಿಯ ಬದುಕನ್ನು ಇವತ್ತು ವಿಶ್ವವಿದ್ಯಾಲಯಗಳಲ್ಲಿ ಓದುತ್ತಾರೆ.

ಇಂದಿರಾ 1994ರ ಮಾರ್ಚ್ 15ರಂದು ತೀರಿಕೊಂಡರು. ಆಗ ಅವರಿಗೆ ಎಪ್ಪತ್ತೇಳು ವರ್ಷ. ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿ ಸ್ಥಾಪನೆಯಾಗಿದೆ. ನಲವತ್ತಾರರಲ್ಲಿ ಮೊದಲ ಪುಸ್ತಕ ಕಂಡವರ ಹೆಸರಿನ ಪ್ರಶಸ್ತಿ ಎಂಬುದೇ, ತಡವಾಯಿತೆಂದು ಹಿಂಜರಿಯುವ ಎಷ್ಟೋ ಹೆಣ್ಣುಮಕ್ಕಳಿಗೆ ಒಂದು ಭರವಸೆ.

ಹೊರನಾಡಿನ ನಮ್ಮ ಮನೆಗಳಲ್ಲಿ ಈಗ ಜಗಲಿ ಇಲ್ಲ, ಹಿತ್ತಿಲಿಲ್ಲ, ಬಾಣಂತಿ ಕೋಣೆ ಇಲ್ಲ. ಆದರೆ ಊರಿನಿಂದ ಬಂದು ನಾಲ್ಕು ತಿಂಗಳು ಇದ್ದು ಹೋಗುವ ಅತ್ತೆ, ಅಮ್ಮ, ದೊಡ್ಡಮ್ಮ ಇದ್ದಾರೆ. ಮಕ್ಕಳು ಶಾಲೆಗೆ, ಉಳಿದವರು ಕೆಲಸಕ್ಕೆ ಹೋದ ಮೇಲೆ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು ಅವರು ಯಾವುದೋ ಹಳೆಯ ಮಾತು ತೆಗೆಯುತ್ತಾರೆ. ನಮ್ಮ ಮಕ್ಕಳಿಗೆ ಮರಾಠಿ, ತಮಿಳು, ಹಿಂದಿ ಬರುತ್ತದೆ. ಅಜ್ಜಿಯ ಕನ್ನಡ ಅರ್ಧಂಬರ್ಧ ತಿಳಿಯುತ್ತದೆ. ಆ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಬಲ್ಲ ಕೊನೆಯ ತಲೆಮಾರು ಬಹುಶಃ ನಾವೇ. ಎಲ್ಲರೂ ಇಂದಿರಾ ಆಗಬೇಕೆಂದಿಲ್ಲ. ಬನಶಂಕರಮ್ಮನವರಂತೆ ಕೂತು ಕೇಳಿದರೂ ಸಾಕು, ಕೇಳಿದ್ದನ್ನು ಮಗಳೊಬ್ಬಳ ಕಿವಿಗೆ ಹಾಕಿದರೂ ಸಾಕು. ಬರೆಯುವವಳು ಎಂದಾದರೂ ಬಂದಾಳು.

ನಿಮ್ಮ ಊರಿನ ಕನ್ನಡ ಸಂಘದ ಗ್ರಂಥಾಲಯದಲ್ಲಿ ‘ಫಣಿಯಮ್ಮ’ ಇದ್ದರೆ ಈ ವಾರವೇ ತಂದು ಓದಿ. ಒಂದು ಮಧ್ಯಾಹ್ನಕ್ಕೆ ಮುಗಿಯುವ ಪುಸ್ತಕ. ಓದಿದ ಮೇಲೆ ಮನೆಯ ಹಳೆಯ ಆಲ್ಬಮ್ಮಿನಲ್ಲಿ ಮೂಲೆಗೆ ನಿಂತ, ಸೆರಗು ತಲೆಗೆ ಹೊದ್ದ, ಹೆಸರು ಯಾರಿಗೂ ಸರಿಯಾಗಿ ನೆನಪಿಲ್ಲದ ಅಜ್ಜಿಯ ಫೋಟೋ ಇದ್ದರೆ, ಅವರ ಹೆಸರೇನೆಂದು ಹಿರಿಯರನ್ನು ಕೇಳಿ ಫೋಟೋದ ಹಿಂದೆ ಬರೆದಿಡಿ.